ರಾತ್ರಿಪಾಳಿಯ ದಾರಿ

ಮಾರ್ಚ್ ೪, ಮಂಗಳವಾರ

ವೈದ್ಯರು ಇಂದು ಗಡುವನ್ನು ಸ್ಪಷ್ಟಪಡಿಸಿದರು. ಪುನರ್ವಸತಿ ಕೇಂದ್ರದಲ್ಲಿ ತಂಗಿಗೆ ಏಪ್ರಿಲ್ ಇಪ್ಪತ್ತೈದರವರೆಗೆ ಮಾತ್ರ ಹಾಸಿಗೆ ಉಂಟು. ಅಷ್ಟರೊಳಗೆ ಊರುಗೋಲು ಹಿಡಿದು ಮೆಟ್ಟಿಲು ಹತ್ತುವಂತಾದರೆ ಮನೆಗೆ; ಇಲ್ಲವಾದರೆ ನಗರದ ಹೊರಗಿನ ಆರೈಕೆ ಕೇಂದ್ರಕ್ಕೆ. ನಮ್ಮ ಮನೆ ಎರಡನೆಯ ಮಹಡಿಯಲ್ಲಿದೆ. ಮೆಟ್ಟಿಲುಗಳು ಮೂವತ್ತಾರು. ಲಿಫ್ಟ್ ಇಲ್ಲ. ಆರೈಕೆ ಕೇಂದ್ರಕ್ಕೆ ಹೋದವರಲ್ಲಿ ಎಷ್ಟು ಜನ ಹಿಂದಿರುಗುತ್ತಾರೆ ಎಂದು ಕೇಳಿದೆ. ಅವರು ಕಡತವನ್ನು ಮುಚ್ಚಿದರು.

ತಂಗಿ ಬಿದ್ದು ಇಂದಿಗೆ ಇಪ್ಪತ್ತಮೂರು ದಿನಗಳು. ಫೆಬ್ರವರಿ ಒಂಬತ್ತರ ರಾತ್ರಿ ಹನ್ನೊಂದು ಗಂಟೆಗೆ ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ, ಮುಕ್ಕಾಲಿಯನ್ನು ಕಂಕುಳಲ್ಲಿ ಇರುಕಿಕೊಂಡು ಇಳಿಯುತ್ತಿದ್ದವಳು ನಡುವಿನ ತಿರುವಿಗೆ ಮುನ್ನವೇ ಉರುಳಿದಳು. ಸೊಂಟದ ಮೂಳೆ ಮುರಿದು ಶಸ್ತ್ರಚಿಕಿತ್ಸೆಯಾಯಿತು. ಕ್ಯಾಮೆರಾ ನಿಲ್ಲಿಸುವ ಆ ಮುಕ್ಕಾಲಿಯನ್ನು ಅವಳು ‘ಟ್ರೈಪಾಡು’ ಎನ್ನುತ್ತಾಳೆ. ಮುಕ್ಕಾಲಿ ಎಂಬ ಸೊಗಸಾದ ಪದ ನಮ್ಮಲ್ಲಿರುವಾಗ ಅದರ ಅಗತ್ಯವೇನೆಂದು ನಾಲ್ಕು ವರ್ಷಗಳಿಂದ ಕೇಳುತ್ತಿದ್ದೇನೆ. ದೂರವಾಣಿ ಕಚೇರಿಯ ರಾತ್ರಿಪಾಳಿಯಲ್ಲಿ ಮೂವತ್ತೊಂದು ವರ್ಷ ದುಡಿದವಳಿಗೆ ನಿವೃತ್ತಿಯ ನಂತರವೂ ರಾತ್ರಿ ನಿದ್ದೆ ಹತ್ತಲಿಲ್ಲ. ಅದಕ್ಕಾಗಿ ಈ ಹವ್ಯಾಸ: ಊರೆಲ್ಲ ಮಲಗಿದ ಮೇಲೆ ಊರಿನ ಚಿತ್ರ ತೆಗೆಯುವುದು.

ಪಾಠ ಹೇಳಿಕೊಡುವುದರಲ್ಲಿ ನನಗೆ ಮೂವತ್ತನಾಲ್ಕು ವರ್ಷಗಳ ಅನುಭವವಿದೆ. ಐವತ್ತೆರಡು ದಿನಗಳಲ್ಲಿ ಒಬ್ಬಳಿಗೆ ನಡೆಯುವುದನ್ನು ಕಲಿಸಲಾರೆನೇ?

ಮಾರ್ಚ್ ೭, ಶುಕ್ರವಾರ

ಇಂದು ನನ್ನನ್ನು ವ್ಯಾಯಾಮದ ಕೊಠಡಿಯಿಂದ ಹೊರಗೆ ಕಳುಹಿಸಿದರು. ಇಂಥದು ನನ್ನ ಜೀವಮಾನದಲ್ಲಿ ನಡೆದಿರಲಿಲ್ಲ. ಹೊರಗೆ ಕಳುಹಿಸುವವಳು ನಾನಾಗಿದ್ದೆ.

ಆದದ್ದನ್ನು ಆದಂತೆ ಬರೆಯುತ್ತೇನೆ. ವ್ಯಾಯಾಮ ಮಾಡಿಸುವ ಹುಡುಗಿ ತಂಗಿಯನ್ನು ಎರಡು ಕಂಬಿಗಳ ನಡುವೆ ನಿಲ್ಲಿಸಿ, “ಅಜ್ಜಿ, ಒಂದ್ ಹೆಜ್ಜೆ ಮುಂದೆ ಇಡಿ ನೋಡೋಣ” ಎಂದಳು. ಅರವತ್ತನಾಲ್ಕರ ಅವಿವಾಹಿತೆಯನ್ನು ಅಜ್ಜಿ ಎಂದು ಕರೆಯುವುದು ಸಲ್ಲದೆಂದು ತಿಳಿಸಿದೆ. ಬಳಿಕ ತಂಗಿಗೆ ಬೆನ್ನು ನೆಟ್ಟಗಿರಲಿ, ಹಿಮ್ಮಡಿ ಮೊದಲು ಊರಲಿ, ದೃಷ್ಟಿ ನೆಲದ ಮೇಲಿರಬಾರದು, ಕಂಬಿಯನ್ನು ಅಷ್ಟು ಬಿಗಿಯಾಗಿ ಹಿಡಿಯಬಾರದು ಎಂದೆ. ಎಲ್ಲವೂ ಸರಿಯಾದ ಮಾತುಗಳೇ. ತಂಗಿ ಹೆಜ್ಜೆಯಿಡದೆ ಗಾಲಿಕುರ್ಚಿಯಲ್ಲಿ ಕುಳಿತುಬಿಟ್ಟಳು.

“ನೀನು ಬಂದ್ರೆ ನನ್ನ ಕಾಲು ಪರೀಕ್ಷೆಗೆ ಕೂತ ಹಾಗಾಗತ್ತೆ ಅಕ್ಕ. ಗೊತ್ತಿರೋದೂ ಮರೆತು ಹೋಗತ್ತೆ.”

ಆ ಹುಡುಗಿ ನನ್ನ ತೋಳು ಹಿಡಿದು ಬಾಗಿಲವರೆಗೆ ಬಂದಳು. “ಮೇಡಂ, ಬೇಜಾರ್ ಮಾಡ್ಕೋಬೇಡಿ. ನೀವು ಸಂಜೆ ಹೊತ್ತು ಬನ್ನಿ, ಕೂತು ಮಾತಾಡಿ. ಬೆಳಗಿನ ಹೊತ್ತು ನನಗೆ ಬಿಟ್ಬಿಡಿ.”

ಬೇಸರವೇನೂ ಇಲ್ಲ. ವಾಕ್ಯವನ್ನು ಪೂರ್ತಿಯಾಗಿ ಉಚ್ಚರಿಸಲು ಬಾರದವರ ಕೈಗೆ ತಂಗಿಯನ್ನು ಒಪ್ಪಿಸಿ ಬಂದೆನಲ್ಲ ಎಂಬ ಚಿಂತೆ ಮಾತ್ರ.

ಮಾರ್ಚ್ ೧೦, ಸೋಮವಾರ

ಸಂಜೆ ಹೋದೆ. ಕೂತು ಮಾತನಾಡಬೇಕಂತೆ, ಆದರೆ ಏನು ಮಾತನಾಡುವುದು? ನಲವತ್ತು ವರ್ಷ ಒಂದೇ ಸೂರಿನಡಿ ಇದ್ದರೂ ನಾನು ಏಳುವ ವೇಳೆಗೆ ಅವಳು ಮಲಗುತ್ತಿದ್ದಳು, ಅವಳು ಹೊರಡುವ ವೇಳೆಗೆ ನಾನು ದೀಪ ಆರಿಸುತ್ತಿದ್ದೆ. ಅರ್ಧ ಗಂಟೆ ಇಬ್ಬರೂ ಕಿಟಕಿಯನ್ನು ನೋಡಿದೆವು. ಕಿಟಕಿಯಾಚೆ ಪಕ್ಕದ ಕಟ್ಟಡದ ಗೋಡೆ.

ಕೊನೆಗೆ ಅವಳೇ ಬಾಯಿ ತೆರೆದಳು. “ರಾತ್ರಿ ಕಳೆಯೋದೇ ಇಲ್ಲ ಅಕ್ಕ. ಹಾಗೇ ಕಣ್ಮುಚ್ಚಿ ಆಫೀಸಿಂದ ಮನೆಗೆ ನಡ್ಕೊಂಡು ಬರ್ತೀನಿ, ಮನಸ್ಸಲ್ಲೇ. ಗೇಟು, ಪೆಟ್ರೋಲ್ ಬಂಕು, ಪ್ರೆಸ್ಸು. ಆಮೇಲೆ ಏನೋ ಒಂದು ಬರಬೇಕು, ಅದು ಬರಲ್ಲ. ಅಲ್ಲೇ ನಿಂತ್ಬಿಡ್ತೀನಿ. ಮತ್ತೆ ಗೇಟಿಂದ ಶುರು.”

ಮೂವತ್ತೊಂದು ವರ್ಷ ನಡೆದ ದಾರಿಯ ಒಂದು ಚಿತ್ರವಾದರೂ ಇರಬೇಕಲ್ಲ ಎಂದೆ. ಇಲ್ಲವಂತೆ. ದಿನವೂ ನೋಡುವುದನ್ನು ಯಾರು ತೆಗೆಯುತ್ತಾರೆ ಎಂದು ಅದನ್ನು ಬಿಟ್ಟು ಊರಿನ ಉಳಿದ ಮೂಲೆಗಳನ್ನೆಲ್ಲ ತೆಗೆದಿದ್ದಾಳೆ.

“ನಾನು ತೆಗೆದು ತರುತ್ತೇನೆ.”

“ನೀನಾ? ಒಂಬತ್ತು ಗಂಟೆ ಆದ್ರೆ ಕೂತಲ್ಲೇ ತೂಕಡಿಸ್ತೀಯ. ಆಮೇಲೆ ಊರಿನ ಬೋರ್ಡೆಲ್ಲ ತಿದ್ದಿಕೊಂಡು ಬರೋಷ್ಟರಲ್ಲಿ ಬೆಳಗಾಗತ್ತೆ.”

ಅವಳು ಇಷ್ಟು ಉದ್ದದ ಮಾತನ್ನಾಡಿದ್ದು ಬಿದ್ದ ಮೇಲೆ ಇದೇ ಮೊದಲು. ಅದು ಹಂಗಿಸುವ ಮಾತೇ ಆಗಿದ್ದರೂ ನನಗೆ ಸಮಾಧಾನವಾಯಿತು. ಸ್ಥಳಗಳ ಪಟ್ಟಿಯನ್ನು ಕೇಳಿದೆ. ಮೂರು ಹೇಳಿದಳು. ಉಳಿದವನ್ನು ನಾನೇ ನಡೆದು ಕಂಡುಹಿಡಿಯಬೇಕು.

ಮಾರ್ಚ್ ೧೨, ಬುಧವಾರ

ಕ್ಯಾಮೆರಾದ ಕೈಪಿಡಿಯನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಭಾಷೆ ದರಿದ್ರವಾಗಿದೆ, ಆದರೆ ವಿಷಯ ತಿಳಿಯುತ್ತದೆ. ರಾತ್ರಿ ಬೆಳಕು ಕಡಿಮೆಯಾದ್ದರಿಂದ ಕ್ಯಾಮೆರಾದ ಕಣ್ಣನ್ನು ಹತ್ತು ಇಪ್ಪತ್ತು ಸೆಕೆಂಡು ತೆರೆದಿಡಬೇಕು, ಅಷ್ಟು ಹೊತ್ತು ಯಾರ ಕೈಯೂ ನಿಶ್ಚಲವಾಗಿರಲಾರದು, ಆದ್ದರಿಂದ ಮುಕ್ಕಾಲಿ. ಗುಂಡಿ ಒತ್ತಿದ ನಡುಕವೂ ತಟ್ಟದಂತೆ, ಒತ್ತಿದ ಎರಡು ಸೆಕೆಂಡಿನ ನಂತರ ಕಣ್ಣು ತೆರೆಯುವ ಏರ್ಪಾಡಿದೆ.

ಬಿದ್ದಾಗ ಮುಕ್ಕಾಲಿಯ ಒಂದು ಕಾಲಿನ ಹಿಡಿ ಸೀಳಿತ್ತು. ಕೆಳಮನೆಯ ದರ್ಜಿ ಅದಕ್ಕೆ ಮೇಣ ಸವರಿದ ದಾರವನ್ನು ಸುತ್ತಿ, ಕೋಟಿನ ಗುಂಡಿ ಹಾಕುವಷ್ಟೇ ಅಚ್ಚುಕಟ್ಟಾಗಿ ಗಂಟು ಹಾಕಿಕೊಟ್ಟರು. ಕೂಲಿ ಎಷ್ಟೆಂದರೆ, “ತಂಗ್ಯಮ್ಮ ಬಂದ್ಮೇಲೆ ಅವರತ್ರ ಒಂದು ಫೋಟೋ ಹೊಡೆಸ್ಕೋತೀನಿ, ಬಿಡಿ” ಎಂದರು. ಸಹೃದಯರು.

ಚೀಲವನ್ನು ಪರಿಶೀಲಿಸಿದಾಗ ತಂಗಿಯ ಅಜಾಗರೂಕತೆ ಕಣ್ಣಿಗೆ ಬಿತ್ತು. ಲೆನ್ಸಿನ ಪಕ್ಕದಲ್ಲಿ ಅಲುಗಾಟವನ್ನು ಸರಿಪಡಿಸುವ ಒಂದು ಸ್ವಿಚ್ಚಿದೆ. ಸ್ಪಷ್ಟ ಚಿತ್ರಗಳಿಗಾಗಿ ಅದನ್ನು ಸದಾ ಹಾಕಿಟ್ಟಿರಬೇಕೆಂದು ಮೂವತ್ತೊಂದನೆಯ ಪುಟ ಹೇಳುತ್ತದೆ. ಅವಳು ಅದನ್ನು ಆರಿಸಿಟ್ಟಿದ್ದಳು. ಹಾಕಿದೆ.

ಮಾರ್ಚ್ ೧೩, ಗುರುವಾರ

ನಿನ್ನೆ ರಾತ್ರಿ ಹನ್ನೆರಡರಿಂದ ಎರಡರವರೆಗೆ ಹೊರಗಿದ್ದೆ. ಅರವತ್ತೊಂಬತ್ತು ವರ್ಷಗಳಲ್ಲಿ ನಡುರಾತ್ರಿಯ ಬೀದಿಯಲ್ಲಿ ಒಬ್ಬಳೇ ನಿಂತದ್ದು ಇದೇ ಮೊದಲು. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ.

ಹಿಂದಿನ ದೂರವಾಣಿ ಕಚೇರಿ ಈಗ ಮಂಚ, ಮೇಜುಗಳನ್ನು ಮಾರುವ ಅಂಗಡಿಯಾಗಿದೆ. ಗೇಟು ಮಾತ್ರ ಹಳೆಯದೇ. ಪೆಟ್ರೋಲ್ ಬಂಕಿನ ಬಿಳಿ ಬೆಳಕಿನಲ್ಲಿ ಒಬ್ಬನು ಕುರ್ಚಿಯಲ್ಲಿ ಕುಳಿತೇ ನಿದ್ದೆ ಹೋಗಿದ್ದ. ಮುದ್ರಣಾಲಯದ ಯಂತ್ರಗಳ ಸದ್ದು ಕಾಲುದಾರಿಯ ಕಲ್ಲಿಗೂ ತಟ್ಟುತ್ತದೆ. ಅಲ್ಲಿಂದ ಮುಂದೆ ದಾರಿ ಎರಡಾಗಿದೆ. ಎಡಕ್ಕೆ ಹೋಗಬೇಕೋ, ನೇರ ರೈಲುಹಳಿಯ ಮೇಲಿನ ಕಾಲುಸೇತುವೆಗೋ ತಿಳಿಯದೆ ಹಿಂದಿರುಗಿದೆ. ತಂಗಿ ಮನಸ್ಸಿನಲ್ಲಿ ನಿಲ್ಲುವುದೂ ಇದೇ ಸ್ಥಳದಲ್ಲಿ.

ಹನ್ನೊಂದು ಚಿತ್ರಗಳು. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತವೆ.

ಮಾರ್ಚ್ ೧೭, ಸೋಮವಾರ

ಚಿತ್ರಗಳನ್ನು ದೊಡ್ಡದಾಗಿ ಮುದ್ರಿಸಿ ತಂದೆ. ಎಲ್ಲವೂ ಕದಡಿವೆ. ದೀಪಗಳಿಗೆ ಎರಡೆರಡು ಅಂಚುಗಳು. ತಂಗಿಗೆ ತೋರಿಸಲಿಲ್ಲ. ಇನ್ನೂ ಹೋಗಿಲ್ಲ ಎಂದೆ. ಸುಳ್ಳು ಹೇಳಿದೆ.

ಮಾರ್ಚ್ ೨೨, ಶನಿವಾರ

ಕಾಲುಸೇತುವೆಯ ಮೇಲೆ ಗಾಳಿ ಜೋರಾಗಿತ್ತು. ಮುಕ್ಕಾಲಿ ನಿಲ್ಲದೆ ನಡುಗುತ್ತಿದ್ದಾಗ ಬೀದಿ ಗುಡಿಸುವ ಹೆಂಗಸೊಬ್ಬಳು ಪೊರಕೆಯನ್ನು ಕಂಬಿಗೆ ಒರಗಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಇದು ಟೆಲಿಫೋನಮ್ಮನ ಸ್ಟ್ಯಾಂಡಲ್ವಾ? ನೀವು ಅವರಕ್ಕ. ಕೆಂಪಿಂಕು ಟೀಚರು.”

ಕೆಂಪಿಂಕು ಟೀಚರು. ನಾಲ್ಕು ವರ್ಷಗಳಿಂದ ಈ ಹೆಸರಿನಲ್ಲಿ ನಾನು ನಡುರಾತ್ರಿಯ ಬೀದಿಗಳಲ್ಲಿ ಪ್ರಸಿದ್ಧಳಾಗಿದ್ದೇನೆ. ಇನ್ನೇನು ಹೇಳಿದ್ದಾಳೆ ನನ್ನ ತಂಗಿ ಎಂದು ಗಂಭೀರವಾಗಿಯೇ ಕೇಳಿದೆ.

“ಅಕ್ಕನ ಸಂಬಳದಲ್ಲೇ ನಾನು ಓದಿದ್ದು, ಅಕ್ಕ ಇಲ್ದಿದ್ರೆ ನಾನು ಯಾರ್ದೋ ಮನೇಲಿ ಪಾತ್ರೆ ತೊಳೀತಿದ್ದೆ ಅನ್ನೋರು. ಆಮೇಲೆ, ಊಟಕ್ಕೆ ಕೂತಾಗ ನೆಟ್ಟಗೆ ಕೂರು ಅಂತಾಳೆ, ಇನ್ನೂ, ಅನ್ನೋರು.” ಹೀಗೆಂದು ನನ್ನ ಕೈಚೀಲವನ್ನು ಕೇಳದೆಯೇ ತೆಗೆದುಕೊಂಡು, ಅದರೊಳಗೆ ತನ್ನ ನೀರಿನ ಬಾಟಲಿಯನ್ನೂ ಇಟ್ಟು, ಮುಕ್ಕಾಲಿಯ ನಡುವಿನ ಕೊಕ್ಕೆಗೆ ತೂಗುಹಾಕಿದಳು. “ಗಾಳಿ ಬಂದ್ರೆ ಹಿಂಗೇ ಭಾರ ಕಟ್ಟೋರು. ನಡೂಮಧ್ಯದ ಕೋಲನ್ನ ಅಷ್ಟುದ್ದ ಎತ್ಬೇಡಿ, ಅಲ್ಲಾಡತ್ತೆ.”

ಕೈಪಿಡಿಯಲ್ಲಿ ಇದೊಂದೂ ಇರಲಿಲ್ಲ. ಅವಳು ಹೇಳಿದಂತೆ ಮಾಡಿದೆ. ಮುಕ್ಕಾಲಿ ಬೇರೂರಿದಂತೆ ನಿಂತಿತು. ಚಿತ್ರದಲ್ಲಿ ನಿಲ್ಲುವೆಯಾ, ಇಪ್ಪತ್ತು ಸೆಕೆಂಡು ಅಲುಗಾಡಬಾರದು ಎಂದೆ.

“ಇಪ್ಪತ್ತು ಸೆಕೆಂಡು ಸುಮ್ನೆ ನಿಲ್ಲೋಕೆ ಯಾರಾದ್ರೂ ಸಂಬಳ ಕೊಡ್ತಾರಾ ಟೀಚರೇ?” ಎಂದು ನಕ್ಕು, ಪೊರಕೆಯನ್ನು ಎದೆಗಾನಿಸಿ ನಿಂತಳು. ದಾರಿ ಯಾವುದೆಂದೂ ಹೇಳಿಕೊಟ್ಟಳು: ಸೇತುವೆ ಇಳಿದರೆ ಬೇಕರಿಯ ಹಿಂಬಾಗಿಲು, ನೀರಿನ ಟ್ಯಾಂಕು, ಬೀಗ ರಿಪೇರಿಯ ಪೆಟ್ಟಿಗೆ ಅಂಗಡಿ, ನಮ್ಮ ಬೀದಿಯ ತಿರುವಿನ ಮರ. ಒಟ್ಟು ಎಂಟು ಸ್ಥಳಗಳಾದವು.

ಆ ಹೆಂಗಸಿಗೆ ನಾನು ಋಣಿ. ಸಂಬಳದ ವಿಷಯವನ್ನು ತಂಗಿ ನನ್ನೆದುರು ಎಂದೂ ಎತ್ತಿದವಳಲ್ಲ.

ಮಾರ್ಚ್ ೨೯, ಶನಿವಾರ

ಮತ್ತೂ ಕದಡಿವೆ. ಭಾರ ಕಟ್ಟಿದರೂ, ಕೋಲು ಇಳಿಸಿದರೂ, ಉಸಿರು ಬಿಗಿಹಿಡಿದು ಎರಡು ಹೆಜ್ಜೆ ದೂರ ನಿಂತರೂ ಕದಡಿವೆ. ಕಣ್ಣಿನ ಮುಂದೆ ಕೈಗಳನ್ನು ಚಾಚಿ ನೋಡಿಕೊಂಡೆ, ನಡುಗುತ್ತಿಲ್ಲ. ನಡುಗಿದರೂ ಕ್ಯಾಮೆರಾವನ್ನು ಮುಟ್ಟಿಯೇ ಇಲ್ಲವಲ್ಲ.

ವ್ಯಾಯಾಮದ ಹುಡುಗಿ ಇಂದು ಮೊಗಸಾಲೆಯಲ್ಲಿ ತಡೆದು ನಿಲ್ಲಿಸಿದಳು. ತಂಗಿ ಕಂಬಿಗಳ ನಡುವೆ ನಡೆಯುತ್ತಾಳೆ. ಕಂಬಿ ಬಿಡು ಎಂದರೆ ಬಿಡುವುದಿಲ್ಲ. ಮೆಟ್ಟಿಲಿನ ಮಾತೆತ್ತಿದರೆ ಬೆವರುತ್ತಾಳೆ. “ಮೂಳೆ ಕೂಡ್ಕೊಂಡಿದೆ ಮೇಡಂ. ಮೂಳೆ ಅಲ್ಲ ಪ್ರಾಬ್ಲಮ್ಮು, ಹೆದರಿಕೆ. ಅವತ್ತು ಬಿದ್ದಾಗ ಏನಾಯ್ತು ಅಂತ ಕೇಳಿದ್ರೆ ಹೇಳಲ್ಲ.”

ಏನಾಯಿತೆಂದು ನನಗೆ ಗೊತ್ತು. ಇಲ್ಲಿಯವರೆಗೆ ಎಲ್ಲಿಯೂ ಬರೆದಿಲ್ಲ.

ಅವಳು ಇಳಿಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವಳು ಕೈಗಂಬಿ ಹಿಡಿದಿರಲಿಲ್ಲ. “ಕಂಬಿ ಹಿಡಿದುಕೋ, ಎಷ್ಟು ಸಲ ಹೇಳಬೇಕು ನಿನಗೆ” ಎಂದು ಮೇಲಿನಿಂದ ಕೂಗಿದೆ. ಅವಳು ಕತ್ತು ತಿರುಗಿಸಿದಳು. ಆಗ ಬಿದ್ದಳು.

ಹೇಳಿದ್ದು ಸರಿಯಾದ ಮಾತೇ. ಅದೇ ಮಾತಿನಿಂದ ಅವಳು ಬಿದ್ದಳು. ಇದಕ್ಕಿಂತ ಹೆಚ್ಚು ಬರೆಯಲಾರೆ.

ಏಪ್ರಿಲ್ ೩, ಗುರುವಾರ

ಗಡುವಿಗೆ ಇಪ್ಪತ್ತೆರಡು ದಿನಗಳಿವೆ. ಕದಡಿದ್ದರೂ ಆಗಲಿ ಎಂದು ಚಿತ್ರಗಳನ್ನು ಕೊಂಡೊಯ್ದು ತಂಗಿಯ ಮಡಿಲಲ್ಲಿಟ್ಟೆ. ಸರಿಯಾಗಿ ಬಂದಿಲ್ಲ, ನನಗೆ ಕೈಲಾಗಲಿಲ್ಲ ಎಂದೆ. ಹೀಗೆಂದು ಯಾರಿಗೂ ಹೇಳಿದ ನೆನಪು ನನಗಿಲ್ಲ.

ಅವಳು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡಿದಳು. ಕಾಲುಸೇತುವೆಯದು ಬಂದಾಗ, “ಅಯ್ಯೋ, ಸೇತುವೆ. ಇದೇ ಮರೆತು ಹೋಗಿದ್ದು ನೋಡು” ಎಂದಳು. ಬಳಿಕ ಕಣ್ಣು ಕಿರಿದಾಗಿಸಿ ನನ್ನನ್ನು ನೋಡಿದಳು.

“ಅಕ್ಕ, ಲೆನ್ಸ್ ಪಕ್ಕ ಒಂದು ಸ್ವಿಚ್ ಇದೆಯಲ್ಲ, ಅದೇನಾದ್ರೂ ಹಾಕಿದ್ಯಾ?”

“ನೀನು ಆರಿಸಿಟ್ಟಿದ್ದೆ. ಸರಿಪಡಿಸಿದೆ.”

ಅವಳು ನಗತೊಡಗಿದಳು. ಹೊಲಿಗೆಯ ಜಾಗ ನೋಯುತ್ತದೆಂದು ಸೊಂಟ ಹಿಡಿದುಕೊಂಡು, ಉಸಿರು ಸಿಕ್ಕದೆ, ದಿಂಬಿಗೆ ಮುಖ ಒತ್ತಿ ನಕ್ಕಳು. ಪಕ್ಕದ ಹಾಸಿಗೆಯವರು ದಾದಿಯನ್ನು ಕರೆಯಲು ಗಂಟೆ ಒತ್ತಿದರು.

“ಅದು ಕೈಯಲ್ಲಿ ಹಿಡಿದು ತೆಗೆಯೋವಾಗ ಕಣೇ ಅಕ್ಕ. ಕೈ ನಡುಗತ್ತಲ್ಲ, ಅದನ್ನ ಸರಿ ಮಾಡೋಕೆ ಒಳಗೊಂದು ಗಾಜು ಆ ಕಡೆ ಈ ಕಡೆ ಅಲ್ಲಾಡತ್ತೆ. ಟ್ರೈಪಾಡ್ ಮೇಲೆ ಕೂತಾಗ ಅಲುಗಾಟನೇ ಇಲ್ಲ. ಆದ್ರೂ ಅದು ಸುಮ್ನಿರಲ್ಲ. ಸರಿ ಮಾಡೋಕೆ ಏನೂ ಇಲ್ದಿದ್ರೂ ಹುಡುಕ್ಕೊಂಡು ಸರಿ ಮಾಡ್ತಾನೇ ಇರತ್ತೆ. ಅದಕ್ಕೇ ಕದಡೋದು.”

ಕೈಪಿಡಿಯಲ್ಲಿ ಅದನ್ನು ಸ್ಪಷ್ಟವಾಗಿ ಬರೆಯಬೇಕಿತ್ತು ಎಂದೆ. ಇದನ್ನು ಕೇಳಿ ಅವಳು ಇನ್ನೊಂದು ಸುತ್ತು ನಕ್ಕಳು. ಅದರಲ್ಲಿ ಅಷ್ಟು ನಗುವಂಥದ್ದೇನಿತ್ತೋ ತಿಳಿಯಲಿಲ್ಲ. ಅವಳ ನಗು ಕೇಳಿ ಎರಡು ತಿಂಗಳಾಗಿತ್ತು. ಆದ್ದರಿಂದ ಕಾರಣವನ್ನು ಕೇಳಲಿಲ್ಲ.

ಏಪ್ರಿಲ್ ೬, ಭಾನುವಾರ

ಸ್ವಿಚ್ಚನ್ನು ಆರಿಸಿ ನಿನ್ನೆ ರಾತ್ರಿ ಎಂಟೂ ಸ್ಥಳಗಳನ್ನು ಮತ್ತೆ ತೆಗೆದೆ. ಪ್ರೆಸ್ಸಿನ ಕಿಟಕಿಯ ಜಾಲರಿಯ ಒಂದೊಂದು ಎಳೆಯನ್ನೂ ಎಣಿಸಬಹುದು. ಬೇಕರಿಯ ಹಿಂಬಾಗಿಲ ಮೆಟ್ಟಿಲ ಮೇಲೆ ಚೆಲ್ಲಿದ ಹಿಟ್ಟಿನಲ್ಲಿ ಬೆಕ್ಕೊಂದರ ಹೆಜ್ಜೆಗಳು. ನೀರಿನ ಟ್ಯಾಂಕಿನ ಹಿಂದೆ ಆಕಾಶ ಕಪ್ಪಲ್ಲ, ದಟ್ಟ ನೀಲಿ. ಕಣ್ಣಿಗೆ ಕಾಣದ ಆ ಬಣ್ಣ ಕ್ಯಾಮೆರಾ ತಾಳ್ಮೆಯಿಂದ ಕಾದದ್ದಕ್ಕೆ ಸಿಕ್ಕಿದ್ದು.

ಬೀಗದ ಅಂಗಡಿಯ ಫಲಕದಲ್ಲಿ ಎರಡು ಕಾಗುಣಿತ ದೋಷಗಳಿವೆ. ಚಿತ್ರ ನೋಡುವಾಗ ಗೊತ್ತಾಯಿತು. ಅಲ್ಲಿ ನಿಂತಿದ್ದಾಗ ಗಮನಿಸಿರಲಿಲ್ಲ. ವಯಸ್ಸಾಗುತ್ತಿದೆ.

ಬೇಕರಿಯವರು ಬಿಸಿ ಬ್ರೆಡ್ಡು ಕೊಟ್ಟರು. ಟ್ರೈಪಾಡಿನ ಪಕ್ಕ ಕಟ್ಟೆಯ ಮೇಲೆ ಕೂತು, ಬೀದಿ ಗುಡಿಸುವ ಹೆಂಗಸೂ ನಾನೂ ಹಂಚಿಕೊಂಡು ತಿಂದೆವು. ಬೆನ್ನು ನೆಟ್ಟಗಿತ್ತೋ ಇಲ್ಲವೋ ನೆನಪಿಲ್ಲ. ಇಂಥ ರುಚಿಯಾದ ಬ್ರೆಡ್ಡನ್ನು ನಾನು ತಿಂದದ್ದಿಲ್ಲ.

ಏಪ್ರಿಲ್ ೧೧, ಶುಕ್ರವಾರ

ಎಂಟು ಚಿತ್ರಗಳನ್ನೂ ತಂಗಿ ಹಾಸಿಗೆಯ ಎದುರಿನ ಗೋಡೆಗೆ ಸಾಲಾಗಿ ಅಂಟಿಸಿಕೊಂಡಿದ್ದಾಳೆ. ರಾತ್ರಿ ಈಗ ಮನಸ್ಸಿನಲ್ಲೇ ನಮ್ಮ ಬೀದಿಯವರೆಗೂ ಬರುತ್ತಾಳಂತೆ. “ಮರದ ಹತ್ರ ಬರೋಷ್ಟರಲ್ಲಿ ನಿದ್ದೆ ಬಂದ್ಬಿಡತ್ತೆ ಅಕ್ಕ.” ನಿನ್ನೆ ಕಂಬಿ ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳಂತೆ.

ಇನ್ನು ತಡೆಯಲಾಗಲಿಲ್ಲ. ಅಂದು ರಾತ್ರಿ ನಾನು ಕೂಗಿದ್ದರಿಂದ ನೀನು ತಿರುಗಿದೆ, ತಿರುಗಿದ್ದರಿಂದ ಬಿದ್ದೆ, ಅದು ನನಗೆ ಮೊದಲ ದಿನದಿಂದಲೂ ಗೊತ್ತು, ಕ್ಷಮಿಸು ಎಂದೆ.

ಅವಳು ನನ್ನ ಕೈಯನ್ನು ಹಿಡಿದು ತಿರುಗಿಸಿ ನೋಡುತ್ತಾ ಕೂತಳು, ಉಗುರು ಕತ್ತರಿಸಿದ್ದೇನೆಯೇ ಎಂದು ನೋಡುವವಳಂತೆ.

“ಉತ್ತರ ಕೊಡೋಕೆ ತಿರುಗಿದೆ ಅಂದ್ಕೊಂಡ್ಯಾ?”

“ಮತ್ತೇಕೆ?”

“ನಾಲಿಗೆ ಚಾಚೋಕೆ.”

“ಏನು?”

“ನಾಲಿಗೆ ಚಾಚಿ ಅಣಕಿಸೋಕೆ ತಿರುಗಿದೆ ಅಕ್ಕ. ದಿನಾ ಮಾಡ್ತಿದ್ದೆ. ನಿನ್ನ ಕಣ್ಣಿಗೆ ಕತ್ತಲಲ್ಲಿ ಕಾಣ್ತಿರಲಿಲ್ಲ. ಅರವತ್ತನಾಲ್ಕು ವರ್ಷದ ಹೆಂಗಸು ಹೀಗೆ ಬಿದ್ದೆ ಅಂತ ಆ ಹುಡುಗಿಗೆ ಹೇಗೆ ಹೇಳಲಿ? ಅದಕ್ಕೇ ಬಾಯಿ ಮುಚ್ಕೊಂಡಿದ್ದೆ.”

ಇಬ್ಬರೂ ಮುಖ ಮುಖ ನೋಡಿಕೊಂಡೆವು. ಅಳು ಬರುತ್ತಿತ್ತು, ನಗುವೂ ಬಂತು. ಗಂಟೆಯ ಸದ್ದಿಲ್ಲದೆಯೇ ದಾದಿ ಬಂದು ಬಾಗಿಲಲ್ಲಿ ನಿಂತು ಹೊರಟುಹೋದಳು. ದೇವರು ದೊಡ್ಡವನು, ನನ್ನ ತಂಗಿ ಅವನಿಗಿಂತ ಸ್ವಲ್ಪವೇ ಚಿಕ್ಕವಳು.

ಏಪ್ರಿಲ್ ೧೮, ಶುಕ್ರವಾರ

ಮೂರು ಮೆಟ್ಟಿಲು. ನಾಲ್ಕನೆಯದರಲ್ಲಿ ಕಾಲು ನಡುಗಿ ಕೂತಳಂತೆ. ನಾನು ಹೊರಗೆ ಬೆಂಚಿನಲ್ಲಿದ್ದೆ. ಒಳಗೆ ಬನ್ನಿ ಎಂದು ವ್ಯಾಯಾಮದ ಹುಡುಗಿಯೇ ಕರೆದಳು. ಬೇಡವಮ್ಮ, ನೀನೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದೀಯೆ ಎಂದೆ.

ಏಳು ದಿನ.

ಏಪ್ರಿಲ್ ೨೪, ಗುರುವಾರ

ವೈದ್ಯರ ಪರೀಕ್ಷೆ ಮುಗಿಯಿತು. ಅಲ್ಲಿರುವುದು ಆರೇ ಮೆಟ್ಟಿಲುಗಳ ಕಟ್ಟೆ. ಎರಡು ಸಲ ಹತ್ತಿ ಇಳಿದಳು. ಮೂರನೆಯ ಸಲ ಕೇಳಿದಾಗ ಆಗುವುದಿಲ್ಲವೆಂದಳು.

ವೈದ್ಯರು ಪ್ರಾಮಾಣಿಕವಾಗಿ ಮಾತನಾಡಿದರು. ಅದಕ್ಕಾಗಿ ಅವರಿಗೆ ವಂದಿಸಿದೆ. “ಇಲ್ಲಿ ಹನ್ನೆರಡು ಹತ್ತಿದ್ದಾರೆ. ನಿಮ್ಮಲ್ಲಿ ಮೂವತ್ತಾರು. ಮಧ್ಯದಲ್ಲಿ ಕೂತುಬಿಟ್ರೆ ಹೊತ್ತು ಕೆಳಗಿಳಿಸಬೇಕಾಗತ್ತೆ. ಹಾಗಾದ್ರೆ ಆರೈಕೆ ಕೇಂದ್ರವೇ. ನಾಳೆ ಮಧ್ಯಾಹ್ನದವರೆಗೂ ಅಲ್ಲಿ ಹಾಸಿಗೆ ಇಟ್ಟಿರೋಕೆ ಹೇಳ್ತೀನಿ. ನೀವಿಬ್ರೂ ಯೋಚನೆ ಮಾಡಿ.”

ತಂಗಿ ಯೋಚಿಸಲಿಲ್ಲ. “ಬೆಳಗ್ಗೆ ಹತ್ತಕ್ಕೆ ಟ್ಯಾಕ್ಸಿ ಹೇಳು ಅಕ್ಕ.”

ವ್ಯಾಯಾಮದ ಹುಡುಗಿ ನನಗೆ ನಿಲ್ಲಬೇಕಾದ ಜಾಗವನ್ನು ತೋರಿಸಿಕೊಟ್ಟಳು: ಒಂದು ಮೆಟ್ಟಿಲು ಕೆಳಗೆ, ಹಿಂದೆ, ಒಂದು ಕೈ ಅವಳ ಸೊಂಟದ ಪಟ್ಟಿಯ ಬಳಿ, ಎತ್ತಬಾರದು, ತಳ್ಳಬಾರದು. ನನ್ನಿಂದ ನಾಲ್ಕು ಸಲ ಅಭ್ಯಾಸ ಮಾಡಿಸಿದಳು. ಎರಡು ತಪ್ಪುಗಳನ್ನು ತಿದ್ದಿದಳು. ಹೊರಡುವಾಗ ತಂಗಿಯ ಕೆನ್ನೆಗೆ ಕೆನ್ನೆಯಿಟ್ಟು, “ಅಜ್ಜಿ, ಮತ್ತೆ ಇಲ್ಲಿಗೆ ಬರ್ಬೇಡಿ” ಎಂದಳು.

ಈ ಹುಡುಗಿಯ ಋಣವನ್ನು ಹೇಗೆ ತೀರಿಸುವುದೋ ತಿಳಿಯದು.

ಏಪ್ರಿಲ್ ೨೫, ಶುಕ್ರವಾರ

ದರ್ಜಿ ತಮ್ಮ ಹೊಲಿಗೆಯ ಸ್ಟೂಲನ್ನು ನಡುವಿನ ತಿರುವಿನ ಜಗಲಿಯಲ್ಲಿಟ್ಟು, ತಂಗಿಯ ಗಂಟುಮೂಟೆಯನ್ನು ಮೇಲೆ ಸಾಗಿಸಿ, ಅಂಗಡಿಯ ಬಾಗಿಲಲ್ಲಿ ಕತ್ತರಿ ಹಿಡಿದೇ ನಿಂತಿದ್ದರು. ಹನ್ನೊಂದು ಗಂಟೆ ಐದು ನಿಮಿಷಕ್ಕೆ ತಂಗಿ ಮೊದಲ ಮೆಟ್ಟಿಲಿನ ಮೇಲೆ ಕಾಲಿಟ್ಟಳು.

ನಾನು ಒಂದು ಮೆಟ್ಟಿಲು ಕೆಳಗಿದ್ದೆ. ಬಾಯಿ ಬಿಡಬಾರದೆಂದು ನಿಶ್ಚಯಿಸಿದ್ದೆ. ಆರು, ಏಳು, ಎಂಟು. ಅವಳ ಬಲಗಾಲು ಪಕ್ಕಕ್ಕೆ ತಿರುಗುತ್ತಿತ್ತು, ಸುಮ್ಮನಿದ್ದೆ. ಒಂಬತ್ತನೆಯದರಲ್ಲಿ ಅವಳು ನಿಂತಳು. ಅಂದು ಅವಳು ಉರುಳಿ ಬಂದು ಬಿದ್ದ ಜಾಗ ಇನ್ನೂ ಮೇಲಿತ್ತು. ಬೆನ್ನಿನ ರವಿಕೆ ಬೆವರಿನಿಂದ ಒದ್ದೆಯಾಗಿತ್ತು.

“ಅಕ್ಕ, ಇದ್ದೀಯಾ?”

“ಇದ್ದೇನೆ.”

“ಏನಾದ್ರೂ ಮಾತಾಡು. ನೀನು ಸುಮ್ನಿದ್ರೆ ನಂಗೆ ಭಯ ಆಗತ್ತೆ. ಹಿಂದೆ ಯಾರೂ ಇಲ್ಲ ಅನ್ನಿಸತ್ತೆ.”

ಏನು ಮಾತನಾಡಲಿ? ನೆಟ್ಟಗೆ ನಿಲ್ಲು ಎನ್ನಬಾರದು, ಕಂಬಿ ಹಿಡಿ ಎನ್ನಬಾರದು. ಅವುಗಳ ಹೊರತು ನನಗೆ ಬರುವ ಮಾತುಗಳೆಷ್ಟು ಎಂದು ಆ ಒಂಬತ್ತನೆಯ ಮೆಟ್ಟಿಲಿನಲ್ಲಿ ಹುಡುಕಬೇಕಾಯಿತು.

“ಆಫೀಸಿನ ಗೇಟು ದಾಟಿದ್ದೀಯೆ,” ಎಂದೆ. “ಈಗ ಪೆಟ್ರೋಲ್ ಬಂಕು. ಕುರ್ಚಿಯಲ್ಲಿ ಕೂತವನು ಇನ್ನೂ ನಿದ್ದೆ ಮಾಡುತ್ತಿದ್ದಾನೆ. ಅವನ ಚಪ್ಪಲಿಯನ್ನು ನಾಯಿ ಎಳೆದುಕೊಂಡು ಹೋಗುತ್ತಿದೆ.”

ಅವಳು ಕಾಲೆತ್ತಿದಳು. ಹತ್ತು, ಹನ್ನೊಂದು, ಹನ್ನೆರಡು.

“ಆಮೇಲೆ?”

“ಪ್ರೆಸ್ಸು. ಯಂತ್ರ ಓಡುತ್ತಿದೆ. ನೆಲ ಗುಂಯ್ ಎನ್ನುತ್ತಿದೆ.”

“ಕಾಲಿಗೆ ಗೊತ್ತಾಗತ್ತೆ ಅದು. ಆಮೇಲೆ?”

“ಬೇಕರಿ. ಹಿಂಬಾಗಿಲು ತೆರೆದಿದೆ.”

“ಬೇಕರಿ ಅಲ್ಲ. ಮೊದಲು ಸೇತುವೆ.”

“ಹೌದು. ತಪ್ಪಾಯಿತು. ಸೇತುವೆ. ಗಾಳಿ ಜೋರಾಗಿದೆ, ಆ ಹೆಂಗಸು ಪೊರಕೆ ಹಿಡಿದು ನಿಂತಿದ್ದಾಳೆ, ಟೆಲಿಫೋನಮ್ಮ ಯಾವಾಗ ಬರೋದು ಅಂತ ಕೇಳ್ತಿದ್ದಾಳೆ.”

ಜಗಲಿಯ ಸ್ಟೂಲಿನ ಮೇಲೆ ಹತ್ತು ನಿಮಿಷ ಕೂತಳು. ಅಲ್ಲಿಂದ ಮುಂದೆ ಅವಳು ಬಿದ್ದ ಮೆಟ್ಟಿಲುಗಳು. ಸೇತುವೆ ಇಳಿಸಿದೆ, ಬ್ರೆಡ್ಡಿನ ವಾಸನೆ ಹೇಳಿದೆ, ಹಿಟ್ಟಿನಲ್ಲಿ ಹೆಜ್ಜೆಯಿಟ್ಟ ಬೆಕ್ಕಿನ ಬಗ್ಗೆ ಹೇಳಿದೆ, ನೀಲಿ ಆಕಾಶ ಹೇಳಿದೆ. ಇಪ್ಪತ್ತೇಳರಲ್ಲಿ ಅವಳ ಕಾಲು ನಡುಗಿತು. ಪಟ್ಟಿಯ ಬಳಿ ಕೈಯಿಟ್ಟೆ, ಎತ್ತಲಿಲ್ಲ, ತಳ್ಳಲಿಲ್ಲ. ನಡುಕ ನಿಲ್ಲುವವರೆಗೆ ಇಬ್ಬರೂ ನೀರಿನ ಟ್ಯಾಂಕಿನ ಕೆಳಗೆ ನಿಂತಿದ್ದೆವು. ಕೆಳಗೆ ದರ್ಜಿಯ ಯಂತ್ರದ ಸದ್ದಿರಲಿಲ್ಲ, ಅವರೂ ಕಾಯುತ್ತಿದ್ದರು.

“ಆಮೇಲೆ, ಅಕ್ಕ?”

“ಬೀಗದಂಗಡಿ.”

“ಬೋರ್ಡ್ ತಿದ್ದಿದ್ಯಾ?”

“ಇಲ್ಲ. ಹತ್ತು.”

ಮೂವತ್ತೊಂದು. ಮೂವತ್ತೆರಡಕ್ಕೆ ತಿರುವಿನ ಮರ ಬಂತು. ಅದರ ಎಲೆಗಳನ್ನು ಹೇಳಿದೆ, ಕಾಂಡಕ್ಕೆ ಹೊಡೆದ ಮೊಳೆಗಳನ್ನು ಹೇಳಿದೆ, ಕೆಳಗೆ ನಿಲ್ಲಿಸಿದ ಸೈಕಲ್ಲನ್ನು ಹೇಳಿದೆ, ಎಷ್ಟು ಸಾಧ್ಯವೋ ಅಷ್ಟು ಹೊತ್ತು ಆ ಮರವನ್ನೇ ಹೇಳುತ್ತಾ ಹೋದೆ. ಅವಳು ಮೇಲಿನ ಜಗಲಿಗೆ ಎರಡೂ ಕಾಲುಗಳನ್ನು ಇಟ್ಟು, ಗೋಡೆಗೆ ಹಣೆಯಾನಿಸಿ ನಿಂತಳು.

“ಆಮೇಲೆ?”

ನನ್ನಲ್ಲಿ ಸ್ಥಳಗಳು ಮುಗಿದಿದ್ದವು. ಅವಳ ಪಕ್ಕದಿಂದ ಮುಂದೆ ಹೋಗಿ ಬಾಗಿಲು ತೆರೆದೆ.